ಅಮ್ಮನಿಗೆ ಹೇಳದೆ ಬಿಟ್ಟದ್ದು

ಜನವರಿ 12, ಭಾನುವಾರ

ವಾರಕ್ಕೊಂದು ರಜೆ, ಅದೂ ಹಾಳಾಯಿತು.

ಎರಡು ತಿಂಗಳಿಂದ ಅಮ್ಮ ಪ್ರತಿ ಭಾನುವಾರ ಟೈರ್ ಅಂಗಡಿಯ ಮೇಲಿರುವ ಪ್ರಾರ್ಥನಾ ಹಾಲಿಗೆ ಹೋಗುತ್ತಿದ್ದಾಳೆ. ಈ ಹುಚ್ಚು ಹತ್ತಿಸಿದವಳು ಕಾಲರ್ ಅಕ್ಕ. ಬಟ್ಟೆ ಕಾರ್ಖಾನೆಯಲ್ಲಿ ಅಮ್ಮನ ಪಕ್ಕದ ಮಷಿನ್ ಅವಳದು. ಅವಳು ದಿನವಿಡೀ ಷರ್ಟಿನ ಕಾಲರ್ ಹೊಲಿಯುತ್ತಾಳೆ, ಅಮ್ಮ ತೋಳು ಹೊಲಿಯುತ್ತಾಳೆ. ಆ ಹಾಲಿನಲ್ಲಿ ಇರೋದೇ ಎರಡು, ಮಾತು ಮತ್ತು ಹಾಡು. ಅಮ್ಮನಿಗೆ ಎರಡೂ ಕೇಳಿಸೋದಿಲ್ಲ. ಆರನೇ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಿವಿ ತೆಗೆದುಕೊಂಡು ಹೋಗಿದೆ. ಅಲ್ಲಿ ಕೂತು ಏನು ಮಾಡ್ತೀಯ ಅಂದರೆ, ಜನರ ಮುಖ ನೋಡ್ತೀನಿ, ಚೆನ್ನಾಗಿರುತ್ತೆ ಅಂದಳು. ಆದರೆ ಈಗ ಮುಖ ನೋಡಿ ಸಾಕಾಗಿದೆಯಂತೆ. ಅವರು ಏನು ಹೇಳ್ತಾರೆ ಅಂತ ತಿಳಿಯಬೇಕಂತೆ. ಬಂದು ಹೇಳು ಅಂತ ಬೆಳಿಗ್ಗೆಯಿಂದ ಹಿಂದೆ ಬಿದ್ದಳು.

ಅಮ್ಮ ಕಿವುಡರ ಶಾಲೆಗೆ ಹೋದವಳಲ್ಲ. ನಮ್ಮ ಕೈಮಾತು ಅಡುಗೆಮನೆಯಲ್ಲಿ ಹುಟ್ಟಿ ಅಲ್ಲೇ ಬೆಳೆದದ್ದು. ಅದನ್ನು ಪೂರ್ತಿ ಬಲ್ಲವರು ಪ್ರಪಂಚದಲ್ಲಿ ನಾವಿಬ್ಬರೇ. ಹಾಗಾಗಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ. ಕೆಳಗಿನಿಂದ ರಬ್ಬರ್ ವಾಸನೆ. ಅಮ್ಮನ ಎದುರು ಒಂದು ಸ್ಟೂಲ್ ಹಾಕಿ ನನ್ನನ್ನು ಕೂರಿಸಿದರು. ಪಾಸ್ಟರ್‌ಗೆ ಎದೆ ಮುಟ್ಟುವ ಗಡ್ಡ, ಮೆತ್ತಗಿನ ದನಿ. ಶುರುವಿನಲ್ಲೇ ಹೇಳಿದ್ದು, ಎಲ್ಲರೂ ಪಾಪಿಗಳು, ಒಬ್ಬರೂ ಹೊರತಲ್ಲ ಅಂತ.

ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ನಮ್ಮ ಕೈಮಾತಿನಲ್ಲಿ ಪಾಪಕ್ಕೆ ಸನ್ನೆಯೇ ಇಲ್ಲ. ಬೇಕಾಗಿರಲಿಲ್ಲ. ನನಗೆ ಗೊತ್ತಿದ್ದ ಪಾಪ ಅಂದರೆ ಜನ ಅಮ್ಮನನ್ನು ನೋಡಿ 'ಪಾಪ, ಕಿವಿ ಕೇಳೋಲ್ಲ' ಅನ್ನುತ್ತಾರಲ್ಲ, ಅದು. ಅದನ್ನೂ ನಾನು ಅಮ್ಮನಿಗೆ ಯಾವತ್ತೂ ಹೇಳಿಲ್ಲ. ಕೊನೆಗೆ ಎರಡು ಉಗುರಿನಿಂದ ದಾರ ಎಳೆದು ಬಿಚ್ಚುವ ಹಾಗೆ ಮಾಡಿ ತೋರಿಸಿದೆ. ತಪ್ಪು ಹೊಲಿಗೆ ಅಂತ ಅದರ ಅರ್ಥ.

ಯಾರದ್ದು ಅಂತ ಕೇಳಿದಳು. ಎಲ್ಲರದ್ದೂ ಅಂದೆ. ಅಮ್ಮ ಹಿಂದೆ ತಿರುಗಿ ಇಡೀ ಹಾಲನ್ನು ನೋಡಿದಳು. ನಿನ್ನದೂನಾ ಅಂದಳು. ಇವರು ಹಾಗೆ ಹೇಳ್ತಿದ್ದಾರೆ ಅಂದೆ. ಅಮ್ಮ ಗಟ್ಟಿಯಾಗಿ ನಕ್ಕಳು. ತನ್ನ ನಗು ಎಷ್ಟು ಜೋರು ಅಂತ ಅವಳಿಗೆ ಗೊತ್ತಾಗೋದಿಲ್ಲ. ಪಾಸ್ಟರ್ ಮಾತು ನಿಲ್ಲಿಸಿ ತಾನೂ ನಕ್ಕ.

ಇದೇ ಕೊನೆ. ಮುಂದಿನ ವಾರ ಹೋಗೋದಿಲ್ಲ.

ಜನವರಿ 22

ಹೋದೆ. ಅಮ್ಮ ಊಟ ಬಿಟ್ಟು ಹಟ ಹಿಡಿದರೆ ಬೇರೆ ಏನು ಮಾಡೋದು?

ಇವತ್ತು ಕೆಲಸದಲ್ಲಿ ಮರ್ಯಾದೆ ಹೋಯಿತು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಬಸ್ ಬಂತು, ಬಸ್ ಹೊರಟಿತು ಅಂತ ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ನನ್ನ ದನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಹಾಗೇ ಇರಲಿ. ಮಧ್ಯಾಹ್ನ ಜನ ಕಡಿಮೆ ಇದ್ದಾಗ ಏನೋ ಗುನುಗುತ್ತಿದ್ದೆನಂತೆ, ಮೈಕ್ ಆಫ್ ಮಾಡಿರಲಿಲ್ಲ. ಕಂಟ್ರೋಲರ್ ಓಡಿ ಬಂದು, ಯಾವ ಸೋಪಿನ ಜಾಹೀರಾತು ಇದು ಅಂತ ಕೇಳಿದ. ಟೈರ್ ಅಂಗಡಿ ಹಾಡು! ದರಿದ್ರದ ರಾಗ ತಲೆಗೆ ಅಂಟಿಕೊಂಡಿದೆ.

ಫೆಬ್ರವರಿ 2, ಭಾನುವಾರ

ಇವತ್ತು ಬಾಯಿ ಬಿಟ್ಟೆ. ಎಷ್ಟು ದಿನ ತಡೆದುಕೊಳ್ಳಲಿ?

ಒಳ್ಳೆ ಕೆಲಸದಿಂದ ಯಾರೂ ಪಾರಾಗೋದಿಲ್ಲ, ಯೇಸುವನ್ನು ನಂಬಿದರೆ ಮಾತ್ರ ರಕ್ಷಣೆ, ಅದು ಪುಕ್ಕಟೆ ಸಿಗುವಂಥದ್ದು ಅಂತ ಪಾಸ್ಟರ್ ಒಂದು ಗಂಟೆ ಹೇಳಿದ. ನಾನು ಅಷ್ಟನ್ನೂ ಕೈಯಲ್ಲಿ ಹೇಳಿದೆ. ತೋಳಿನ ನೋವು ಬೇರೆ. ಎಲ್ಲ ಮುಗಿದು ಜನ ಕುರ್ಚಿ ಜೋಡಿಸುವಾಗ ಹೋಗಿ ಅವನ ಮುಂದೆ ನಿಂತೆ. ಸಹೋದರಿ ಅಂದ. ನಾನು ನಿಮ್ಮ ಸಹೋದರಿ ಅಲ್ಲ ಅಂದೆ.

ನಮ್ಮಮ್ಮ ಏನು ಪಾಪ ಮಾಡಿದ್ದಾಳೆ ಹೇಳಿ ಅಂತ ಕೇಳಿದೆ. ಅದು ತನಗೆ ಗೊತ್ತಿಲ್ಲ, ತನ್ನದು ಮಾತ್ರ ಗೊತ್ತು ಅಂದ. ಹಾಗಾದರೆ ನಿಮ್ಮದನ್ನೇ ಹೇಳಿಕೊಳ್ಳಿ, ಊರಿನವರನ್ನೆಲ್ಲ ಯಾಕೆ ಎಳೆಯುತ್ತೀರಿ ಅಂದೆ. ಸಿಟ್ಟೇ ಬರೋದಿಲ್ಲ ಆ ಮನುಷ್ಯನಿಗೆ. ಹಿಂದೆ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದನಂತೆ, ಮೊಣಕೈವರೆಗೂ ಸುಟ್ಟ ಕಲೆಗಳು. ನನ್ನ ಬಿಸಿ ಅವನಿಗೆ ಯಾವ ಮಹಾ.

"ಜೀವನವೆಲ್ಲಾ ಇನ್ನೊಬ್ಬರನ್ನ ಗೋಳು ಹೊಯ್ದುಕೊಂಡವನು ಕೊನೆಗೆ ನಂಬ್ತೀನಿ ಅಂದ್ರೆ ಆಯ್ತಾ? ಅವನಿಗೂ ನಮ್ಮಮ್ಮನಿಗೂ ಒಂದೇ ಸಾಲಾ?"

"ಹೌದು" ಅಂದ.

"ಇದು ಮೋಸಗಾರರಿಗೆ ಮಾಡಿದ ಏರ್ಪಾಡು."

"ಹೌದು. ಅದಕ್ಕೇ ನನಗೂ ಜಾಗ ಸಿಕ್ಕಿತು."

ಮೈ ಉರಿದುಹೋಯಿತು. ಮನೆಗೆ ಬಂದ ಮೇಲೂ ಉರಿ ಇಳಿದಿಲ್ಲ. ಯಾಕೆ ಅಂತ ನನಗೆ ಗೊತ್ತು. ಅವನು 'ಹೌದು' ಅಂದಾಗ ನನ್ನ ಕಣ್ಣ ಮುಂದೆ ರಿಪೇರಿಯವನು ಬಂದು ನಿಂತಿದ್ದ.

ರಿಪೇರಿಯವನು ಅಂದರೆ ನನ್ನನ್ನು ಹುಟ್ಟಿಸಿದವನು. ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೋ, ಟೀವಿ ರಿಪೇರಿ ಅಂಗಡಿ. ಕೆಲಸ ಇಲ್ಲದ ಗಂಡಸರೆಲ್ಲ ಅಲ್ಲೇ. ಅಮ್ಮ ಚಹಾ ತಂದರೆ ಅವಳ ಹೆಗಲ ಮೇಲೆ ಕೈ ಹಾಕುತ್ತಿದ್ದ, ಎಷ್ಟು ಪ್ರೀತಿ ಅನ್ನೋ ಹಾಗೆ. ಹಲ್ಲು ಕಿರಿಯುತ್ತಾ, "ಊರಿನ ಸೆಟ್ಟೆಲ್ಲ ರಿಪೇರಿ ಮಾಡಿದೀನಿ, ಈ ಸೆಟ್ಟಿಗೆ ಮಾತ್ರ ಸೌಂಡೇ ಇಲ್ಲ" ಅನ್ನುತ್ತಿದ್ದ. ಅದು ಎಲ್ಲಕ್ಕಿಂತ ಸಭ್ಯವಾದದ್ದು. ಉಳಿದದ್ದನ್ನು ಇಲ್ಲಿ ಬರೆಯೋದಿಲ್ಲ. ಗಂಡಸರು ಬಿದ್ದು ಬಿದ್ದು ನಗುತ್ತಿದ್ದರು. ಅವರು ನಗೋದು ನೋಡಿ ಅಮ್ಮನೂ ನಗುತ್ತಿದ್ದಳು. ನಾನು ಬಾಗಿಲ ಪರದೆ ಹಿಡಿದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅವರು ಯಾಕೆ ನಗ್ತಿದ್ದರು ಅಂತ ಅಮ್ಮ ಆಮೇಲೆ ಕೇಳಿದರೆ, ನಿನ್ನ ಚಹಾ ಚೆನ್ನಾಗಿದೆಯಂತೆ ಅಂತ ಕೈಯಲ್ಲಿ ಹೇಳುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಷಟರ್ ಎಳೆದು ಯಾವಳದೋ ಹಿಂದೆ ಹೋದ. ಪೀಡೆ ತೊಲಗಿತು ಅಂದುಕೊಂಡೆವು. ಅವನೂ ಅಮ್ಮನೂ ಒಂದೇ ಸಾಲಂತೆ. ಥೂ.

ಫೆಬ್ರವರಿ 20

ಅಮ್ಮ ದೀಕ್ಷಾಸ್ನಾನ ತೆಗೆದುಕೊಳ್ಳುತ್ತಾಳಂತೆ. ಏಪ್ರಿಲ್‌ನಲ್ಲಿ. ನಾನೇನು ಹೇಳಲಿ, ಅವಳ ಮೈ, ಅವರ ನೀರು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. 'ನಂಬಿಕೆ' ಅನ್ನೋದಕ್ಕೆ ನಾನು ಇಷ್ಟು ದಿನ 'ನಿಜ' ಅನ್ನೋ ಸನ್ನೆಯನ್ನೇ ಬಳಸುತ್ತಿದ್ದೆ. ಇವತ್ತು ಪಾತ್ರೆ ತೊಳೆಯುತ್ತಿದ್ದ ಅಮ್ಮ ಕೈ ಒರೆಸಿಕೊಂಡು ಬಂದು, ಅದು ಸರಿಯಿಲ್ಲ, ಇದು ಅಂತ ತೋರಿಸಿದಳು. ಎರಡೂ ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿದಳು.

ಅದು ನಮ್ಮ ಸನ್ನೆ. ನಾನು ಚಿಕ್ಕವಳಿದ್ದಾಗ ಹಿತ್ತಲಿನ ಗೋಡೆ ಹತ್ತಿ ಇಳಿಯೋಕೆ ಭಯಪಟ್ಟರೆ ಅಮ್ಮ ಕೆಳಗೆ ನಿಂತು ಹಾಗೆ ಕೈ ಚಾಚುತ್ತಿದ್ದಳು. ಹಾರು, ಹಿಡ್ಕೋತೀನಿ ಅಂತ. ಅವಳು ಕೂಗಿ ಧೈರ್ಯ ಹೇಳೋ ಹಾಗಿರಲಿಲ್ಲವಲ್ಲ. ಕೈ ನೋಡಿಯೇ ಹಾರಬೇಕು.

ಅದನ್ನು ತೆಗೆದುಕೊಂಡು ಹೋಗಿ ಆ ಗಡ್ಡದವನ ದೇವರಿಗೆ ಕೊಟ್ಟುಬಿಟ್ಟಳು. ನನ್ನ ಹತ್ತಿರ ಒಂದು ಮಾತು ಕೇಳದೆ.

ಮಾರ್ಚ್ 2, ಭಾನುವಾರ

ನೆನೆದವನ ಸುದ್ದಿ ಬಂತು.

ಹಾಲಿನಿಂದ ಹೊರಡುವಾಗ ಪಾಸ್ಟರ್ ನನ್ನನ್ನು ಮೆಟ್ಟಿಲ ಹತ್ತಿರ ಪಕ್ಕಕ್ಕೆ ಕರೆದ. ಬೇರೆ ಊರಿನ ಒಂದು ಸಭೆಯಲ್ಲಿ ವಯಸ್ಸಾದ ಒಬ್ಬರಿದ್ದಾರಂತೆ. ಮೂರು ವರ್ಷದಿಂದ ಯೇಸುವನ್ನು ನಂಬಿದ ವಿಶ್ವಾಸಿಯಂತೆ. ಇಲ್ಲಿ ಕಿವಿ ಕೇಳದ ಹೆಂಗಸೊಬ್ಬರು ಬರುತ್ತಾರೆ, ಮಗಳು ಕೈಯಲ್ಲಿ ಎಲ್ಲ ಹೇಳುತ್ತಾಳೆ ಅಂತ ಯಾರೋ ಹೇಳಿದ್ದು ಕೇಳಿ ಅವರಿಗೆ ಗೊತ್ತಾಯಿತಂತೆ. ಅವರು ನಿಮ್ಮ ತಂದೆ ಅಂದ.

ಅವನಿಗೆ ಅಮ್ಮನ ಮುಂದೆ, ಸಭೆಯ ಮುಂದೆ ಒಂದು ಮಾತು ಹೇಳಬೇಕಂತೆ. ಅಮ್ಮನನ್ನು ಕೇಳಿ ತಿಳಿಸಿ, ಅವರು ಬೇಡ ಅಂದರೆ ಬೇಡ, ನಾನೇ ಅವರಿಗೆ ಹೇಳ್ತೀನಿ ಅಂದ ಪಾಸ್ಟರ್. ಆ ಮೆತ್ತಗಿನ ದನಿ ಕೇಳಿದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಬೇಡ ಅಂದಳು ಅಂತ ನಾನೇ ಹೇಳಿಬಿಡಬಹುದಿತ್ತು. ಮನೆಗೆ ಬಂದು ಕೇಳಿದೆ. ಅಮ್ಮ ಒಲೆ ಆರಿಸಿ ಬಂದು ಕೂತಳು. ಆಮೇಲೆ, ಬರಲಿ ಅಂದಳು.

ಮಾರ್ಚ್ 9, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನನಗೇನು ಭಯ.

ರಿಪೇರಿಯವನು ಮುದುಕನಾಗಿದ್ದಾನೆ. ಮುಂದಿನ ಒಂದು ಹಲ್ಲಿಲ್ಲ. ಅಂಗಿ ಮಾತ್ರ ಚೊಕ್ಕ, ತೋಳಿನ ಮಡಿಕೆ ಮುರಿಯದ ಹಾಗೆ ಕೈ ದೂರ ಇಟ್ಟುಕೊಂಡಿದ್ದ. ಪಾಸ್ಟರ್ ಕರೆದಾಗ ಮುಂದೆ ಬಂದು ಅಮ್ಮನಿಂದ ನಾಲ್ಕು ಹೆಜ್ಜೆ ದೂರ ನಿಂತ. ನಾನು ಅವನ ಪಕ್ಕದಲ್ಲಿ. ಅವನಿಗೆ ಈಗಲೂ ಹಳೇ ವಾಸನೆಯೇ, ಸುಟ್ಟ ತಂತಿ ಮತ್ತು ಬೀಡಿ. ಬೀಡಿ ಬಿಟ್ಟಿರಬಹುದು, ನನ್ನ ಮೂಗಿಗೆ ಹಾಗೆ ಅನ್ನಿಸಿತು.

ಮೊದಲು ತಾನು ಯಾರು, ಎಲ್ಲಿಂದ ಬಂದೆ ಅಂತ ಸಭೆಗೆ ಹೇಳಿದ. ಅಷ್ಟನ್ನು ನಾನು ಸರಿಯಾಗಿಯೇ ಹೇಳಿದೆ. ಆಮೇಲೆ ಅಮ್ಮನ ಕಡೆ ತಿರುಗಿದ.

"ನಿನ್ನ ಹೆಗಲ ಮೇಲೆ ಕೈ ಇಟ್ಟು ನಗ್ತಾ ನಗ್ತಾ ಬೈದಿದ್ದೀನಿ. ನಿನಗೆ ಕೇಳಿಸೋಲ್ಲ ಅಂತ ಗೊತ್ತಿದ್ದೇ ಬೈದೆ. ಜನ ನಕ್ಕರು, ನೀನೂ ನಕ್ಕೆ. ಆ ನಗು ನನ್ನನ್ನ ಬಿಟ್ಟಿಲ್ಲ. ದೇವರು ಕ್ಷಮಿಸಿದ ಅಂತ ನಂಬಿದ್ದೀನಿ. ಆದರೆ ಬೈಸಿಕೊಂಡವಳು ನೀನು. ಮನೆಗೆ ಸೇರಿಸಿಕೋ ಅಂತ ಕೇಳೋಕೆ ಬಂದಿಲ್ಲ. ನಿನ್ನ ಮುಖ ನೋಡಿ ತಪ್ಪಾಯ್ತು ಅನ್ನಬೇಕಿತ್ತು. ಅಷ್ಟೇ."

ಹಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಕಾಲರ್ ಅಕ್ಕನ ಕಣ್ಣು ತುಂಬಿತ್ತು. ಎಷ್ಟು ಸುಲಭ! ಇಷ್ಟು ವರ್ಷ ನಾನೊಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಅವನು ಒಂದು ನಿಮಿಷದಲ್ಲಿ ಹೇಳಿ ಹಗುರಾಗಿಬಿಟ್ಟ. ಇನ್ನು ಜನ ಅವನ ಬೆನ್ನು ತಟ್ಟುತ್ತಾರೆ.

ಅವನು ಅಂದದ್ದು ಅಂತ ನಾನು ಅಮ್ಮನಿಗೆ ಕೈಯಲ್ಲಿ ಹೀಗೆ ಹೇಳಿದೆ: ದೇವರು ನನ್ನ ತಪ್ಪೆಲ್ಲ ಬಿಟ್ಟುಬಿಟ್ಟ, ಈಗ ನನ್ನ ಮೇಲೆ ಯಾವ ತಪ್ಪೂ ಇಲ್ಲ. ವಯಸ್ಸಾಯಿತು, ಊಟ ಹಾಕೋರಿಲ್ಲ. ಮನೆಗೆ ಸೇರಿಸಿಕೋ.

ಅಮ್ಮ ನನ್ನ ಕೈಗಳ ಕಡೆ ಓರೆಗಣ್ಣು ಹಾಯಿಸಿದಳಷ್ಟೇ, ಅವನನ್ನೇ ನೋಡುತ್ತಿದ್ದಳು. ಆಮೇಲೆ ಎರಡು ಸನ್ನೆ ಮಾಡಿದಳು. ಹಣೆ ಮುಟ್ಟಿಕೊಂಡಳು, ಗೊತ್ತು ಅಂತ. ಮುಷ್ಟಿಯನ್ನು ಇನ್ನೊಂದು ಅಂಗೈ ಮೇಲೆ ಇಟ್ಟಳು, ಕೂತ್ಕೋ ಅಂತ.

ಇಷ್ಟು ಕೆಟ್ಟದಾಗಿ ಹೇಳಿದ ಮೇಲೂ ಕೂತ್ಕೋ! ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಹೋಗು ಅಂತಿದ್ದಾಳೆ" ಅಂದೆ. "ಇನ್ನೊಂದು ಸಲ ಮುಖ ತೋರಿಸಬೇಡ ಅಂತಿದ್ದಾಳೆ."

ಬಸ್ ಹೊರಡುವುದನ್ನು ಹೇಳುವಷ್ಟೇ ಸಲೀಸಾಗಿ ಬಂತು. ಹಾಲೆಲ್ಲ ನಿಟ್ಟುಸಿರು. ಅವನು ಅಮ್ಮನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ತಲೆ ಆಡಿಸಿ, ಕುರ್ಚಿಗಳ ಮಧ್ಯೆ ನಡೆದು, ಮೆಟ್ಟಿಲು ಇಳಿದು ಹೋದ.

ಅಮ್ಮ ನನ್ನ ಕಡೆ ತಿರುಗಿ ಮುಗುಳ್ನಕ್ಕಳು.

ಮಾರ್ಚ್ 10

ನಾನು ಮಾಡಿದ್ದು ಸರಿ. ಅವನ ಬೈಗುಳವನ್ನೇ ಅಮ್ಮನಿಗೆ ಹೇಳದೆ ಬಿಟ್ಟವಳು ನಾನು, ಅವನ ಪಶ್ಚಾತ್ತಾಪ ಯಾಕೆ ಹೇಳಲಿ? ಬೈಗುಳ ಗೊತ್ತಿಲ್ಲದವಳಿಗೆ ತಪ್ಪಾಯ್ತು ಅನ್ನೋದು ಹೊಸದಾಗಿ ಬೈದ ಹಾಗೆ. ಹೇಳಿದ್ದಿದ್ದರೆ ಅಮ್ಮನ ಹಳೇ ದಿನಗಳೆಲ್ಲ ಹಾಳಾಗುತ್ತಿದ್ದವು. ನಾನು ಅವಳನ್ನು ಉಳಿಸಿದೆ.

ಸಭೆಯವರು ಏನಾದರೂ ಅಂದುಕೊಳ್ಳಲಿ.

ಮಾರ್ಚ್ 16, ಭಾನುವಾರ

ಎಲ್ಲರೂ ಅತಿಯಾಗಿ ಒಳ್ಳೆಯವರಾಗಿದ್ದಾರೆ. ಪಾಸ್ಟರ್ ಕಳೆದ ವಾರದ ಮಾತು ಎತ್ತಲೇ ಇಲ್ಲ. ಕಾಲರ್ ಅಕ್ಕ ನನ್ನ ಕೈ ಹಿಡಿದು, ನಿಮ್ಮಮ್ಮ ಹೇಳಿದ್ದೇ ಸರಿ ಕಣೇ, ನಾನಾಗಿದ್ದರೆ ಚಪ್ಪಲಿ ತೆಗೀತಿದ್ದೆ ಅಂದಳು. ನನ್ನ ಪಕ್ಷದವಳೇ. ಆದರೂ ಅವಳ ಕೈ ಕಿತ್ತೊಗೆಯಬೇಕು ಅನ್ನಿಸಿತು.

ಕೆಲಸದಲ್ಲಿ ಈ ವಾರ ತಪ್ಪು ಪ್ಲಾಟ್‌ಫಾರಂ ಹೇಳಿ ಹೇಳಿ ಬೈಸಿಕೊಂಡೆ. ಗಂಟುಮೂಟೆ ಹೊತ್ತ ಒಂದು ಸಂಸಾರ ಈ ತುದಿಯಿಂದ ಆ ತುದಿಗೆ ಓಡುವಷ್ಟರಲ್ಲಿ ಬಸ್ ಹೊರಟೇ ಹೋಯಿತು. ಗಂಡಸು ಕಿಟಕಿಗೆ ಬಂದು ಬಾಯಿಗೆ ಬಂದಂತೆ ಅಂದ. ಬೋರ್ಡ್ ನೋಡೋಕೆ ಕಣ್ಣಿಲ್ವಾ ಅಂತ ನಾನೂ ಅಂದೆ. ತಪ್ಪು ನನ್ನದೇ ಇತ್ತು. ನಿದ್ದೆ ಇಲ್ಲದೆ ಹೀಗೆಲ್ಲ ಆಗುತ್ತಿದೆ.

ಮಾರ್ಚ್ 22, ಶನಿವಾರ

ಇದನ್ನು ಈಗಲೇ ಬರೆದಿಟ್ಟು ಮಲಗುತ್ತೇನೆ.

ಸಂಜೆ ಅಮ್ಮ ನನ್ನನ್ನು ಕೂರಿಸಿಕೊಂಡಳು. ದೀಕ್ಷಾಸ್ನಾನದ ದಿನ ಸಭೆಯ ಮುಂದೆ ಅವಳು ನಾಲ್ಕು ಮಾತು ಹೇಳಬೇಕು, ನಾನು ಅದನ್ನು ಬಾಯಲ್ಲಿ ಹೇಳಬೇಕು. ಅದನ್ನು ಮಾತಾಡೋಕೆ ಅಂದುಕೊಂಡೆ. ಅವಳು ಕೇಳಿದ್ದೇ ಬೇರೆ. ಆವತ್ತು ಅವನು ಏನಂದ?

ಹೇಳಿದೆನಲ್ಲ ಅಂದೆ. ಇನ್ನೊಂದು ಸಲ ಹೇಳು ಅಂದಳು. ಹೇಳಿದೆ, ಅದನ್ನೇ. ಊಟ ಹಾಕೋರಿಲ್ಲ, ಸೇರಿಸಿಕೋ.

ಅಮ್ಮ ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಬಾಯಿ ತೆರೆದಳು. ದನಿ ಇಲ್ಲದೆ, ತುಟಿ ಮಾತ್ರ ಆಡಿಸಿ, ಒಂದೊಂದೇ ಮಾತಾಗಿ ಹೇಳಿದಳು. ಊರಿನ ಸೆಟ್ಟೆಲ್ಲ ರಿಪೇರಿ ಮಾಡಿದೀನಿ. ಈ ಸೆಟ್ಟಿಗೆ ಮಾತ್ರ ಸೌಂಡೇ ಇಲ್ಲ.

ಅಮ್ಮ ತುಟಿ ನೋಡಿ ಒಂದಿಷ್ಟು ತಿಳಿದುಕೊಳ್ಳುತ್ತಾಳೆ ಅಂತ ಗೊತ್ತಿತ್ತು. ಬಾ, ಹೋಗು, ನೀರು, ಊಟ, ಅಷ್ಟೇ ಅಂದುಕೊಂಡಿದ್ದೆ. ಹೊರಗಿನವರದ್ದು ತಿಳಿಯೋದಿಲ್ಲವಂತೆ, ಪಾಸ್ಟರ್‌ದಂತೂ ಗಡ್ಡದಲ್ಲಿ ಮುಳುಗಿಹೋಗುತ್ತದೆಯಂತೆ. ಜೊತೆಯಲ್ಲಿ ಬಾಳಿದವರ ತುಟಿ ಬೇರೆ ಅಂದಳು. ಅವನದ್ದು ಗೊತ್ತು, ನಿನ್ನದ್ದು ಗೊತ್ತು.

ಮತ್ತೆ ಯಾಕೆ ನಗ್ತಿದ್ದೆ ಅಂತ ಕೇಳಿದೆ. ಕೈಯಲ್ಲಿ ಕೇಳೋದು ಮರೆತು ಬಾಯಲ್ಲೇ ಕೂಗಿದೆ. ಅವಳಿಗೆ ಅರ್ಥವಾಯಿತು.

ನೀನು ಪರದೆ ಹಿಡ್ಕೊಂಡು ನೋಡ್ತಿದ್ದೆ ಅಂದಳು. ನಾನು ಅತ್ತರೆ ನಿನಗೆ ಗೊತ್ತಾಗುತ್ತಿತ್ತು, ನನಗೆ ಗೊತ್ತಾಗಿದೆ ಅಂತ.

ಆಮೇಲೆ ಹಾಲಿನಲ್ಲಿ ಅವನು ಅಂದದ್ದನ್ನು ಒಂದು ಮಾತೂ ಬಿಡದೆ ಹೇಳಿದಳು. ನಾನು ಮಾಡಿದ ಸನ್ನೆಗಳನ್ನು ನನಗೇ ಮಾಡಿ ತೋರಿಸಿದಳು. ನಾನು ಕೂತ್ಕೋ ಅಂದೆ, ನೀನು ಹೋಗು ಅಂದೆ ಅಂದಳು.

ನನಗೆ ರೇಗಿತು. ನಾಚಿಕೆ ಆಗಬೇಕಿತ್ತೇನೋ, ರೇಗಿತು. ಅಲ್ಲೇ ಯಾಕೆ ತಡೆಯಲಿಲ್ಲ, ಎದ್ದು ನಿಂತು ಅಲ್ಲ ಅಂತ ತಲೆ ಅಲ್ಲಾಡಿಸಿದ್ದರೆ ಸಾಕಿತ್ತಲ್ಲ ಅಂದೆ. ಎಲ್ಲರೂ ನಿನ್ನನ್ನು ನೋಡುತ್ತಿದ್ದರು, ಅಷ್ಟು ಜನರ ಮುಂದೆ ನಿನ್ನನ್ನು ಸುಳ್ಳುಗಾತಿ ಮಾಡಲಾ ಅಂದಳು. ಅಷ್ಟೇ ಅವಳ ಉತ್ತರ.

ಹಾಗಾದರೆ ಕ್ಷಮಿಸಿಬಿಟ್ಟೆಯಾ ಅವನನ್ನು, ಅಷ್ಟು ಸಲೀಸಾ ಅಂತ ಕೇಳಿದೆ. ಇಲ್ಲ ಅಂದಳು. ಅವನ ಕೈ ಮುರಿದು ಬೀಳಲಿ ಅಂತ ಬೇಡಿಕೊಳ್ಳುತ್ತಾ ಎಷ್ಟು ತೋಳು ಹೊಲಿದಿದ್ದೀನೋ ಅಂದಳು. ಆಮೇಲೆ ಉಗುರಿನಿಂದ ದಾರ ಬಿಚ್ಚುವ ಆ ಸನ್ನೆ ಮಾಡಿ ತನ್ನ ಎದೆ ಮುಟ್ಟಿಕೊಂಡಳು. ನೀನು ಅವತ್ತು ಪಾಸ್ಟರನ್ನು ಕೇಳಿದೆಯಲ್ಲ, ಅಮ್ಮ ಏನು ಮಾಡಿದ್ದಾಳೆ ಅಂತ. ಅದೂ ನಿನ್ನ ತುಟಿಯಲ್ಲೇ ಕಂಡಿತು ಅಂದಳು.

ಅಜ್ಜಿಯ ವಿಷಯ ಹೇಳಿದಳು. ಅವನ ತಾಯಿ. ನಾನು ಎರಡು ವರ್ಷದವಳಿದ್ದಾಗ ಹಾಸಿಗೆ ಹಿಡಿದು ನಮ್ಮ ಮನೆಯಲ್ಲೇ ತೀರಿಕೊಂಡವಳು. ಅವಳೂ ಅಮ್ಮನನ್ನು ಬಹಳ ಕಾಡಿದ್ದಳಂತೆ. ಮಲಗಿದಲ್ಲಿಂದ ನೀರು ನೀರು ಅಂತ ಕೂಗುತ್ತಿದ್ದಳಂತೆ. ಅಮ್ಮ ಅವಳ ಬಾಯಿ ನೋಡುತ್ತಿದ್ದಳು, ಏನು ಕೇಳುತ್ತಿದ್ದಾಳೆ ಅಂತ ಚೆನ್ನಾಗಿ ತಿಳಿಯುತ್ತಿತ್ತು, ನೋಡಿ ಗೋಡೆ ಕಡೆ ಮುಖ ತಿರುಗಿಸಿ ಬಟ್ಟೆ ಮಡಿಸುತ್ತಿದ್ದಳು. ಒಂದು ಸಲ ಅಲ್ಲ. ಅಜ್ಜಿ ನೆಲಕ್ಕೆ ಕೈ ಬಡಿಯುವುದು ಕಾಲಿಗೆ ತಿಳಿಯುತ್ತಿತ್ತಂತೆ. ಯಾರೂ ಅಮ್ಮನನ್ನು ಒಂದು ಮಾತು ಅನ್ನಲಿಲ್ಲ. ಕಿವುಡಿ, ಪಾಪ, ಅವಳಿಗೇನು ಗೊತ್ತಾಗುತ್ತೆ ಅಂದರಂತೆ.

ಕಿವಿ ಇರಲಿಲ್ಲ, ಕಣ್ಣಿತ್ತು ಅಂದಳು ಅಮ್ಮ.

ಇದನ್ನೇ ಸಭೆಯ ಮುಂದೆ ಹೇಳುತ್ತಾಳಂತೆ. ನಾನು ನನ್ನ ಬಾಯಿಂದ ಹೇಳಬೇಕಂತೆ. ಸರಿಯಾಗಿ ಹೇಳೋದಾದರೆ ಹೇಳು, ಇಲ್ಲದಿದ್ದರೆ ಕೈಯಲ್ಲೇ ಹೇಳಿ ಮುಗಿಸ್ತೀನಿ, ದೇವರಿಗೆ ತಿಳಿಯುತ್ತೆ ಅಂದಳು.

ಮಾರ್ಚ್ 24

ಅಮ್ಮನ ಜೊತೆ ಮಾತು ಬಿಟ್ಟಿದ್ದೇನೆ. ಮನೆಯಲ್ಲಿ ಕೈ ಕಟ್ಟಿಕೊಂಡೇ ಓಡಾಡುತ್ತೇನೆ. ನನ್ನನ್ನು ಇಷ್ಟು ವರ್ಷ ಮೂರ್ಖಳಾಗಿ ಮಾಡಿದ್ದಾಳೆ. ಚಹಾ ಚೆನ್ನಾಗಿದೆಯಂತೆ ಅಂತ ನಾನು ಹೇಳುವಾಗ ಏನು ಅಂದುಕೊಳ್ಳುತ್ತಿದ್ದಳೋ.

ಮಾರ್ಚ್ 29

ಕೈ ಕಟ್ಟಿಕೊಂಡು ಎಷ್ಟು ದಿನ ಇರೋಕಾಗುತ್ತೆ. ಉಪ್ಪು ಬೇಕಾಯಿತು, ಕೇಳಿದೆ.

ಪಾಳಿ ಮುಗಿಸಿ ಪಾಸ್ಟರ್ ಮನೆಗೆ ಹೋದೆ. ಹಾಲಿನ ಹಿಂದೆ ಒಂದೇ ಕೋಣೆ. ನೆಲ ಒರೆಸುತ್ತಿದ್ದ. ಹೊಸ್ತಿಲಲ್ಲೇ ನಿಂತು ನಡೆದದ್ದನ್ನು ಹೇಳಿದೆ. ನಾನು ಎರಡೂ ಕಡೆ ಸುಳ್ಳು ಹೇಳಿದ್ದೇನೆ, ಅಮ್ಮ ಹಾಗೆ ಅನ್ನಲಿಲ್ಲ, ಅಷ್ಟು ಗೊತ್ತಿರಲಿ ಅಂದೆ. ನಾನು ಪಾಪಿ ಅಂತ ನನ್ನ ಬಾಯಿಂದ ಕೇಳುವ ಸಂತೋಷ ನಿಮಗೆ ಕೊಡೋದಿಲ್ಲ ಅಂತಲೂ ಅಂದೆ. ಅದರಲ್ಲಿ ನನಗೇನೂ ಸಂತೋಷ ಇಲ್ಲ ಅಂದ. ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಿದ್ದ, ಕೂತ್ಕೊಳ್ಳಿ ಅಂದ. ಕೂರಲಿಲ್ಲ.

ರಿಪೇರಿಯವನ ವಿಳಾಸ ಕೇಳಿದೆ. ಯಾಕೆ ಅಂತ ಕೇಳದೆ ಕೊಟ್ಟ. ಕೇಳಿದ್ದರೆ ವಾಪಸ್ ಬಂದುಬಿಡುತ್ತಿದ್ದೆ.

ಏಪ್ರಿಲ್ 3

ರಜೆ ಹಾಕಿ ಹೋಗಿ ಬಂದೆ. ನನ್ನದೇ ದನಿ ಕೂಗಿ ಕಳಿಸುವ ಬಸ್ಸಿನಲ್ಲಿ ಹೋಗೋದು ವಿಚಿತ್ರ. ನನ್ನ ಬದಲಿಗೆ ಕೂತಿದ್ದ ಹುಡುಗಿ ಪ್ಲಾಟ್‌ಫಾರಂ ಸರಿಯಾಗಿಯೇ ಹೇಳಿದಳು.

ಈಗ ಯಾರು ಟೀವಿ ರಿಪೇರಿ ಮಾಡಿಸುತ್ತಾರೆ. ಯಾರದೋ ಮೊಬೈಲ್ ಅಂಗಡಿಯ ಒಂದು ಮೂಲೆಯಲ್ಲಿ ಅರ್ಧ ಮೇಜು ಕೊಟ್ಟಿದ್ದಾರೆ. ಅದರ ಮೇಲೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಒಂದು ಟಾರ್ಚು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ತಲೆ ಎತ್ತಿ ನೋಡಿ, ಅದನ್ನು ತೆಗೆಯುವುದನ್ನೂ ಮರೆತ. ಒಂದು ಕಣ್ಣು ಇಷ್ಟು ದೊಡ್ಡದಾಗಿ ಕಾಣುತ್ತಿತ್ತು.

ನೀನು, ನೀವು ಎರಡೂ ಬಾಯಿಗೆ ಬರಲಿಲ್ಲ. ನೇರವಾಗಿ ವಿಷಯಕ್ಕೆ ಬಂದೆ. ಅಮ್ಮ ಆವತ್ತು ಹೋಗು ಅನ್ನಲಿಲ್ಲ, ಕೂತ್ಕೋ ಅಂದಳು, ಹೋಗು ಅಂದದ್ದು ನಾನು ಅಂದೆ. ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ಬಂದಿದ್ದೆ, ಉರು ಹೊಡೆದ ಹಾಗೆ ಬಂತು.

ಅವನು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಗೊತ್ತು" ಅಂದ. "ಅಂಗಡಿಗೆ ಬಂದವರಿಗೆಲ್ಲ ಅವಳು ಕೂತ್ಕೊಳ್ಳಿ ಅಂತ ಅದೇ ಸನ್ನೆ ಮಾಡ್ತಿದ್ದಳು. ಜಾಸ್ತಿ ಕಲೀಲಿಲ್ಲ ನಾನು. ಅದೊಂದು ಬರುತ್ತೆ."

"ಮತ್ತೆ ಯಾಕೆ ಹೊರಟು ಹೋಗಿದ್ದು?"

"ನೀನು ಹೋಗು ಅಂದೆಯಲ್ಲ."

ಮೊಬೈಲ್ ಅಂಗಡಿಯಲ್ಲಿ ಯಾವುದೋ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ಅವಳಿಗೆ ಕೇಳಿಸೋಲ್ಲ ಅನ್ನೋ ಧೈರ್ಯ ನನಗೆ" ಅಂದ. "ನೀನು ಪರದೆ ಹಿಂದೆ ಇದ್ದದ್ದು ಗೊತ್ತಿತ್ತು. ಗೊತ್ತಿದ್ದೂ ಅಂದೆ. ನಿನಗೆ ಏನು ಹೇಳಬೇಕು ಅಂತ ಈಗಲೂ ಗೊತ್ತಿಲ್ಲ. ನೀನು ಹೋಗು ಅಂದೆ, ನಾನು ಹೋದೆ. ಅಷ್ಟಾದರೂ ನೀನು ಹೇಳಿದ ಹಾಗೆ ಮಾಡೋಣ ಅಂತ."

ನಾನು ಕ್ಷಮಿಸಿಲ್ಲ ಅಂದೆ. ಸರಿ ಅಂದ. ಕ್ಷಮಿಸೋದೂ ಇಲ್ಲ ಅಂದೆ. ಅದಕ್ಕೂ ಸರಿ ಅಂದ. ನಿಮ್ಮ ಪಾಸ್ಟರು, ಸಭೆ, ರಕ್ಷಣೆ ಒಂದೂ ನನಗೆ ಬೇಡ, ಅಮ್ಮನಿಗೋಸ್ಕರ ಕೈ ಆಡಿಸುತ್ತೇನೆ ಅಷ್ಟೇ ಅಂದೆ. ಚಹಾ ತರಿಸಲಾ ಅಂತ ಕೇಳಿದ, ಕೇಳಿ ತಾನೇ ನಾಚಿಕೊಂಡ.

ಅಮ್ಮನಿಗೆ ಎಲ್ಲ ತಿಳಿಯುತ್ತಿತ್ತು ಅನ್ನೋದನ್ನು ಹೇಳಿಬಿಡಲಾ ಅನ್ನಿಸಿತು. ಹೇಳಿದರೆ ಅವನು ಅಲ್ಲೇ ಕುಸಿಯುತ್ತಿದ್ದ. ನಾಲಿಗೆ ತುದಿಯವರೆಗೂ ಬಂದಿತ್ತು. ಅದು ಅಮ್ಮನ ಮಾತು, ಅವಳು ಹೇಳಬೇಕಾದದ್ದು. ನಾನು ಹೇಳಲಿಲ್ಲ.

ಬರುವಾಗ, ಭಾನುವಾರ ಅಮ್ಮನ ದೀಕ್ಷಾಸ್ನಾನ, ಬರೋದಾದರೆ ಹಿಂದಿನ ಸಾಲಿನಲ್ಲಿ ಕೂತ್ಕೋ ಅಂದೆ.

ವಾಪಸ್ ಬಸ್ಸಿನಲ್ಲಿ ಜಾಗ ಇರಲಿಲ್ಲ, ದಾರಿಯುದ್ದಕ್ಕೂ ನಿಂತೇ ಬಂದೆ. ಅಪ್ಪನ ಕೈ ನಡುಗುತ್ತದೆ. ಆ ನಡುಗುವ ಕೈಯಲ್ಲಿ ಅಷ್ಟು ಸಣ್ಣ ತಿರುಪು ಹೇಗೆ ಹಾಕುತ್ತಾನೋ.

ಏಪ್ರಿಲ್ 6, ಭಾನುವಾರ

ಟೈರ್ ಅಂಗಡಿಯ ಹಿಂದಿನ ಅಂಗಳದಲ್ಲಿ ಸಿಮೆಂಟಿನ ತೊಟ್ಟಿ. ಬಾಡಿಗೆಗೆ ತಂದ ಶಾಮಿಯಾನ ಒಂದು ಕಡೆ ಜೋತಾಡುತ್ತಿತ್ತು. ಪಾಸ್ಟರ್ ಸೊಂಟದವರೆಗೆ ನೀರಿನಲ್ಲಿ, ಗಡ್ಡದ ತುದಿ ತೊಯ್ದಿತ್ತು.

ಅಮ್ಮ ತೊಟ್ಟಿಯ ಮೆಟ್ಟಿಲ ಮೇಲೆ ನಿಂತು ಹೇಳಿದಳು, ನಾನು ಬಾಯಲ್ಲಿ ಹೇಳಿದೆ. ಅತ್ತೆ ನೀರು ಕೇಳಿದ್ದು ನನಗೆ ಕಂಡಿತು, ನಾನು ಮುಖ ತಿರುಗಿಸಿದೆ. ನನ್ನ ಗಂಡನ ಕೈ ಮುರಿಯಲಿ ಅಂತ ಬೇಡಿಕೊಂಡೆ. ನಾನು ಒಳ್ಳೆಯವಳು ಅಂತ ಎಲ್ಲರೂ ಅಂದುಕೊಳ್ಳಲಿ ಅಂತಲೂ ನಕ್ಕೆ. ನನ್ನ ಹೊಲಿಗೆ ನನ್ನಿಂದ ಬಿಚ್ಚೋಕೆ ಆಗಲಿಲ್ಲ. ಯೇಸು ಹಿಡ್ಕೋತಾನೆ ಅಂತ ಹಾರ್ತಾ ಇದ್ದೀನಿ.

ಒಂದು ಮಾತೂ ಬಿಡಲಿಲ್ಲ, ಸೇರಿಸಲೂ ಇಲ್ಲ. ನನ್ನ ಸುಳ್ಳನ್ನು ಪಾಸ್ಟರ್ ಯಾರಿಗೂ ಹೇಳಿರಲಿಲ್ಲ. ನಾನೇ, ಆವತ್ತು ಹೋಗು ಅಂದದ್ದು ಅಮ್ಮ ಅಲ್ಲ, ನಾನು ಅಂತ ಎಲ್ಲರ ಮುಂದೆ ಹೇಳಿದೆ. ಹೇಗೂ ಬಾಯಿ ತೆರೆದಾಗಿತ್ತು. ಕಾಲರ್ ಅಕ್ಕ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು.

ಅಮ್ಮ ಮುಳುಗಿ ಎದ್ದಳು. ಮೂಗಿಗೆ ನೀರು ಹೋಗಿ ಕೆಮ್ಮಿದಳು, ದೊಡ್ಡದಾಗಿ ಸೀನಿದಳು. ನನಗೆ ನಗು ಬಂತು. ಟವಲ್ ಹಿಡಿದು ಹೋದರೆ ನನ್ನನ್ನು ದಾಟಿ, ನೀರು ಸುರಿಸಿಕೊಂಡು ಸೀದಾ ಹಿಂದಿನ ಸಾಲಿಗೆ ನಡೆದಳು. ಅಪ್ಪ ಎದ್ದು ನಿಂತ. ಅಮ್ಮ ಮುಷ್ಟಿಯನ್ನು ಅಂಗೈ ಮೇಲಿಟ್ಟಳು. ಕೂತ. ಅವನ ಎದುರಿನ ಕುರ್ಚಿ ತಿರುಗಿಸಿಕೊಂಡು ತಾನೂ ಕೂತು, ಕೈ ಎತ್ತಿ ಹೇಳಲು ಶುರು ಮಾಡಿದಳು. ನಿಧಾನವಾಗಿ, ಏನೂ ತಿಳಿಯದವನಿಗೆ ಹೇಳುವ ಹಾಗೆ, ನಡುನಡುವೆ ತುಟಿಯನ್ನೂ ಆಡಿಸುತ್ತಾ. ಅಪ್ಪನ ಮುಖ ಬಿಳಿಚಿಕೊಂಡಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಅಮ್ಮ ಅವನ ಕೈ ತೆಗೆದು ಕೆಳಗಿಟ್ಟು ಮುಂದುವರಿಸಿದಳು.

ನಾನು ಟವಲ್ ಹೆಗಲ ಮೇಲೆ ಹಾಕಿಕೊಂಡು ಟೈರುಗಳ ಕಡೆ ಮುಖ ಮಾಡಿ ನಿಂತೆ.

ಕಾಲರ್ ಅಕ್ಕ ಬಂದು ಮೊಣಕೈ ತಿವಿದಳು. ಏನಂತೆ, ಏನು ಹೇಳ್ತಿದ್ದಾಳೆ ನಿಮ್ಮಮ್ಮ?

ಗೊತ್ತಿಲ್ಲ ಅಂದೆ. ನಾನು ಆ ಕಡೆ ನೋಡ್ತಾ ಇಲ್ಲ.